ಎಡಗೆನ್ನೆಯ ಮೂಲಪ್ರತಿ

ಅಕ್ಕನ ಫೋನು ಬಂದಾಗ ಅವನು ಗುರುತಿಲ್ಲದ ಒಬ್ಬ ಗಂಡಸಿನ ಹಲ್ಲಿನ ಮೇಲಿನ ಕಲೆ ತೆಗೆಯುತ್ತಿದ್ದ. ಮುನ್ನೂರು ಪರ್ಸೆಂಟಿಗೆ ಹಿಗ್ಗಿಸಿದ ಮೇಲೆ ಹಲ್ಲು ಹಲ್ಲಾಗಿ ಉಳಿಯುವುದಿಲ್ಲ; ಹಳದಿ, ಬೂದು, ಮಾಸಲು ಬಿಳಿಯ ಸಣ್ಣ ಸಣ್ಣ ಚೌಕಗಳಾಗಿ ಬಿಡಿಸಿಕೊಳ್ಳುತ್ತದೆ. ಹನ್ನೆರಡು ವರ್ಷದಿಂದ ಇದೇ ಸ್ಟುಡಿಯೋ, ಇದೇ ಕುರ್ಚಿ, ಕುರ್ಚಿಯ ಹಿಂದೆ ಇದೇ ಕಿಟಕಿಯಿಲ್ಲದ ಗೋಡೆ. ಮುಖಗಳನ್ನು ಅವನು ಮುಖಗಳಾಗಿ ನೋಡುತ್ತಿದ್ದುದು ಎರಡೇ ಸಲ, ಫೈಲು ತೆರೆಯುವಾಗೊಮ್ಮೆ, ಮುಚ್ಚುವಾಗೊಮ್ಮೆ. ನಡುವಿನ ಹೊತ್ತೆಲ್ಲ ಪಕ್ಕದ ಒಳ್ಳೆಯ ಚೌಕವನ್ನು ಎತ್ತಿ ಕೆಟ್ಟ ಚೌಕದ ಮೇಲೆ ಕೂರಿಸುವ ಕೆಲಸ. ಫೋನು ಗುರ್ರೆನ್ನುತ್ತ ಮೇಜಿನ ಮೇಲೆ ಮೌಸಿನ ಕಡೆಗೇ ತೆವಳಿಕೊಂಡು ಬಂತು.

"ಕೆಲಸದಲ್ಲಿದ್ದೀಯೇನೋ?"

"ಇದ್ದೀನಿ. ಹೇಳಕ್ಕ."

"ಅಮ್ಮಂದು ಆ ಫೋಟೋ ಇದೆಯಲ್ಲ, ರಿಟೈರಾದಾಗ ನೀನು ತೆಗೆದಿದ್ದು, ಅಡುಗೆಮನೆ ಕಿಟಕಿ ಹತ್ರ. ಅದು ಬೇಕಿತ್ತು."

"ನಿಮ್ಮನೆ ಗೋಡೆ ಮೇಲೇ ಇದೆಯಲ್ಲ."

"ಅದಲ್ಲ ಕಣೋ. ನೀನು ಸರಿಮಾಡೋಕೆ ಮುಂಚಿನದು. ಕೆನ್ನೆ ಇರೋದು."

ಕೆನ್ನೆ ಇರೋದು ಎಂದ ಅಕ್ಕನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಗೋಡೆಯ ಮೇಲಿದ್ದ ಅಮ್ಮನಿಗೆ ಕೆನ್ನೆಯೇ ಇಲ್ಲವೆನ್ನುವುದು ಆ ಮನೆಯಲ್ಲಿ ಎಂದೋ ಇತ್ಯರ್ಥವಾದ ವಿಷಯವೇನೋ ಎಂಬಂತೆ ಹೇಳಿದಳು. ಅಮ್ಮನ ಎಡಗೆನ್ನೆಯ ಮೇಲೆ ಬಿಳಿ ಮಚ್ಚೆ ಇತ್ತು. ಅದಕ್ಕೆ ಜನ ಹೇಳುವ ಇನ್ನೊಂದು ಶಬ್ದವನ್ನು ಅವರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಈಗ ಅಕ್ಕನ ಮಗಳು ಗುಬ್ಬಿಗೆ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅದೇ ಎಡಗಡೆ, ತುಟಿಯ ಅಂಚಿನಿಂದ ದವಡೆಯವರೆಗೆ ಒಂದು ಬಿಳುಪು ಎಂಟು ತಿಂಗಳಿಂದ ಹರಡುತ್ತಿತ್ತು. ಇದರಿಂದ ಅಪಾಯವೇನಿಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹುಡುಗಿಯೂ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಂತೆ ಇರಲಿಲ್ಲ.

"ಶನಿವಾರ ನಿಮ್ಮ ಭಾವನ ಹುಟ್ಟುಹಬ್ಬದಲ್ಲಿ ಹೇಗೆ ಕುಣೀತಿದ್ಲು ನೀನೇ ನೋಡಿದ್ಯಲ್ಲ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಲ್ಲ ಅಂತ ಕೂತವಳು ಇವತ್ತಿಗೆ ನಾಲ್ಕು ದಿನ. ಅಜ್ಜಿಗೂ ಹೀಗೇ ಇತ್ತು ಕಣೇ, ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಪಾಠ ಮಾಡಿದ್ರು ಅಂದ್ರೆ, ಸುಳ್ಳು ಅಂತಾಳೆ. ಎಲ್ಲಿ, ಒಂದು ಫೋಟೋದಲ್ಲೂ ಇಲ್ವಲ್ಲ, ನನ್ನ ಸಮಾಧಾನಕ್ಕೆ ಕಥೆ ಕಟ್ತಿದ್ದೀಯ ಅಂತಾಳೆ. ಏನಂತ ಹೇಳ್ಲಿ? ಅಮ್ಮ ಹೋದಾಗ ಇವಳು ಮೂರು ವರ್ಷದ ಕೂಸು." ಅಕ್ಕ ಉಸಿರು ತೆಗೆದುಕೊಂಡಳು. "ಇದೆಯಲ್ಲ ಅದು?"

"ಇದೆ. ಇಲ್ಲದೆ ಎಲ್ಲಿಗೆ ಹೋಗುತ್ತೆ."

"ಅದಕ್ಕೇ ನಿಂಗೆ ಫೋನ್ ಮಾಡಿದ್ದು. ನಾಲ್ಕು ಗಂಟೆಗೆ ಅವಳನ್ನೇ ಕಳಿಸ್ತೀನಿ. ನಾನು ತೋರಿಸಿದ್ರೆ ನಂಬಲ್ಲ, ನೀನೇ ತೋರಿಸು."

ಫೋನು ಇಟ್ಟ ಮೇಲೆ ಅವನು ಹಲ್ಲಿನ ಕಡೆ ತಿರುಗಿದ. ಇನ್ನೂ ಎರಡು ಚೌಕ ಹಳದಿಯಾಗಿದ್ದವು. ಅವನ್ನು ಸರಿಮಾಡಿ, ಇನ್ನೊಮ್ಮೆ ನೋಡಿ, ಫೈಲನ್ನು ಎರಡು ರೀತಿಯಲ್ಲಿ ಉಳಿಸಿದ. ಪದರಗಳೆಲ್ಲ ಬೇರೆಬೇರೆಯಾಗಿಯೇ ಇರುವಂತೆ ಒಂದು, ಗಿರಾಕಿಗೆ ಕೊಡಲು ಜೆಪೆಗ್‌ನಲ್ಲಿ ಇನ್ನೊಂದು. 'ಇದೆ' ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತು. ಅದು ಇಲ್ಲವೆಂದು ಅವನಿಗೆ ಗೊತ್ತಿತ್ತು. ಹದಿಮೂರು ವರ್ಷದಿಂದ ಗೊತ್ತಿತ್ತು. ಮನೆಯ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲೆಳೆದುಕೊಂಡವನಿಗೆ ಚಿಲಕ ಬಿದ್ದ ಸದ್ದಿನಲ್ಲೇ ಗೊತ್ತಾಗುವ ಹಾಗೆ. ಅಂಥವನು ಆಮೇಲೂ ಜೇಬುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಹಾಗೆ, ಅವನು ಹಳೆಯ ಹಾರ್ಡ್ ಡಿಸ್ಕನ್ನು ಡ್ರಾಯರಿನಿಂದ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ.

ಮಾನಿಟರಿನ ಎಡ ಅಂಚಿಗೆ ಅವನದೇ ಕೈಬರಹದ ಒಂದು ಚೀಟಿ ಅಂಟಿಸಿತ್ತು: 'ಮೂಲ ಫೈಲನ್ನು ಮುಟ್ಟಬೇಡ. ಪ್ರತಿ ಮಾಡು, ಆಮೇಲೆ ಕೆಲಸ ಮಾಡು.' ಬಂದು ಹೋಗುವವರೆಲ್ಲ ಅದನ್ನು ಓದಿ ತಲೆಯಾಡಿಸುತ್ತಿದ್ದರು. ಮನೆಯಲ್ಲೂ ಅವನಿಗೆ 'ಮೇಷ್ಟ್ರು' ಎಂದೇ ಹೆಸರು. ಯಾರದಾದರೂ ಫೋಟೋ ಫೋನಿನಿಂದ ಫೋನಿಗೆ ಹಾರಿ ಹಾರಿ ಮಸುಕಾದರೆ, ಭಾವ "ಮೇಷ್ಟ್ರಿಗೆ ತೋರಿಸಬೇಡಿ, ಊಟಕ್ಕೂ ಏಳೋಕೆ ಬಿಡಲ್ಲ" ಎನ್ನುತ್ತಿದ್ದ. ಆದರೂ ಅವನು ಶುರುಮಾಡುತ್ತಿದ್ದ. ಜೆಪೆಗ್ ಅನ್ನೋದು ಕೊಡೋಕೆ, ಇಟ್ಟುಕೊಳ್ಳೋಕಲ್ಲ. ಅದು ಚಿತ್ರವನ್ನು ಎಂಟು ಚುಕ್ಕಿ ಅಗಲ ಎಂಟು ಚುಕ್ಕಿ ಉದ್ದದ ತುಂಡುಗಳಾಗಿ ಕತ್ತರಿಸುತ್ತದೆ, ಪ್ರತಿ ತುಂಡಿನಲ್ಲೂ ಕಣ್ಣಿಗೆ ಗೊತ್ತಾಗದ್ದನ್ನು ಹುಡುಕಿ ಬಿಸಾಡುತ್ತದೆ. ತೆರೆದು ತಿದ್ದಿ ಮತ್ತೆ ಉಳಿಸಿದರೆ ಮತ್ತೆ ಬಿಸಾಡುತ್ತದೆ. ಬಿಸಾಡಿದ್ದು ವಾಪಸು ಬರುವುದಿಲ್ಲ. ಅದಕ್ಕೇ ಮನೆಯಲ್ಲಿ ಏನನ್ನೂ ಬಿಸಾಡದ ಟಿಫ್ ಇಟ್ಟುಕೋ, ಹೊರಗೆ ಜೆಪೆಗ್ ಕೊಡು. ಇದನ್ನೆಲ್ಲ ಹೇಳುವಾಗ ಅವನ ದನಿ ಅಮ್ಮನ ದನಿಯಂತಾಗುತ್ತದೆ, ವಿಜ್ಞಾನ ಪಾಠ ಮಾಡುವಾಗಿನ ದನಿ, ಎಂದು ಅಕ್ಕ ಒಮ್ಮೆ ನಕ್ಕಿದ್ದಳು. ಅವನೂ ನಕ್ಕಿದ್ದ. ಆ ಪಾಠ ಅವನು ಎಲ್ಲಿ ಕಲಿತ ಎಂದು ಯಾರೂ ಕೇಳಿರಲಿಲ್ಲ.

ಹಾರ್ಡ್ ಡಿಸ್ಕು ಕಿರುಗುಟ್ಟುತ್ತ ಎದ್ದಿತು. 'ಮನೆ' ಎಂಬ ಫೋಲ್ಡರು, ಅದರೊಳಗೆ ವರ್ಷ, ಅದರೊಳಗೆ ನಾಲ್ಕು ಫೈಲು. ಅಮ್ಮ. ಅಮ್ಮ_2. ಅಮ್ಮ_ಫೈನಲ್. ಅಮ್ಮ_ಫೈನಲ್_3. ನಾಲ್ಕೂ ಜೆಪೆಗ್. ಬರಿಯ 'ಅಮ್ಮ' ಎಂಬ ಹೆಸರಿನದರ ಮೇಲೆ ಒಂದು ಕ್ಷಣ ಅವನಿಗೆ ಆಸೆ ಹುಟ್ಟಿತು. ಪಕ್ಕದ ಸಾಲಿನಲ್ಲಿ, ತೆಗೆದದ್ದು ಬೆಳಿಗ್ಗೆ ಹತ್ತೂವರೆ, ಕೊನೆಗೆ ಬದಲಾದದ್ದು ಅದೇ ಮಧ್ಯಾಹ್ನ ಮೂರು ಎಂದಿತ್ತು. ತೆರೆದ. ಅಮ್ಮ ನೇರ ಅವನನ್ನೇ ನೋಡುತ್ತಿದ್ದಳು. ಎರಡೂ ಕೆನ್ನೆ ಒಂದೇ ಬಣ್ಣ.

ಮನೆಯಲ್ಲಿದ್ದ ಕಾಗದದ ಫೋಟೋಗಳಲ್ಲೆಲ್ಲ ಅಮ್ಮ ಬಲಗೆನ್ನೆಯನ್ನೇ ಮುಂದುಮಾಡಿ ನಿಂತಿರುತ್ತಿದ್ದಳು. ಯಾರೂ ಹಾಗೆ ನಿಲ್ಲು ಎಂದು ಹೇಳಿದ್ದಲ್ಲ. ಕ್ಯಾಮೆರಾ ಕಂಡೊಡನೆ ಅವಳ ಕುತ್ತಿಗೆ ತಾನಾಗಿ ಅಷ್ಟು ತಿರುಗುತ್ತಿತ್ತು, ಬಿಸಿಲಿಗೆ ಕಣ್ಣು ಕಿರಿದಾಗುವ ಹಾಗೆ. ಆ ದಿನ ಮಾತ್ರ ತಿರುಗಲಿಲ್ಲ. ಶಾಲೆಯವರು ಬೀಳ್ಕೊಡುಗೆ ಪುಸ್ತಿಕೆಗೆ ಒಂದು ಫೋಟೋ ಕೇಳಿದ್ದರು. ಅವನು ಹೊಸ ಕ್ಯಾಮೆರಾ ಹಿಡಿದು ಅಡುಗೆಮನೆಗೆ ಹೋದಾಗ ಅವಳು ಲೋಟ ತೊಳೆಯುತ್ತಿದ್ದಳು. "ಇಲ್ಲೇ ನಿಂತ್ಕೋ, ಬೆಳಕು ಚೆನ್ನಾಗಿದೆ" ಎಂದ. "ಒದ್ದೆ ಕೈಯಲ್ಲೇನೋ?" ಎಂದು ಕೇಳಿ, ಕೈ ಒರೆಸಿಕೊಳ್ಳುತ್ತ ಹಾಗೇ ನಿಂತಳು, ನೇರವಾಗಿ. ಮಗ ಅಲ್ಲವೆ. ಕಿಟಕಿ ಅವಳ ಎಡಗಡೆಗಿತ್ತು. ಬೆಳಕೆಲ್ಲ ಆ ಕೆನ್ನೆಯ ಮೇಲೇ ಬಿದ್ದಿತ್ತು. ಇಡೀ ಜನ್ಮದಲ್ಲಿ ಅವಳು ಕೊಟ್ಟಿದ್ದ ಒಂದೇ ಒಂದು ಎಡಗೆನ್ನೆ ಅದು. ಅವನು ಅದನ್ನು ಕಂಪ್ಯೂಟರಿಗೆ ಇಳಿಸಿ, ಕ್ಯಾಮೆರಾದ ಕಾರ್ಡು ಖಾಲಿಮಾಡಿ, ಹೊಸದಾಗಿ ಕಲಿತಿದ್ದ ಬ್ರಶ್ಶಿನಲ್ಲಿ ನಾಲ್ಕು ಗಂಟೆ ಕೂತು ಬಲಗೆನ್ನೆಯ ಚೌಕಗಳನ್ನು ಎಡಕ್ಕೆ ತಂದು ಜೋಡಿಸಿ, 'ಉಳಿಸು' ಒತ್ತಿದ್ದ. ಹಳೆಯದರ ಮೇಲೆ ಬರೆಯಲೇ ಎಂದು ಕಂಪ್ಯೂಟರು ಕೇಳಿತ್ತು. ಕೇಳಿತ್ತು, ಅದಂತೂ ಚೆನ್ನಾಗಿ ನೆನಪಿದೆ. ಅವನು ಹೌದು ಎಂದಿದ್ದ, ಅವಸರವಿತ್ತೆಂದಲ್ಲ, ಆ ಹಳೆಯದು ಇನ್ನು ಯಾರಿಗೆ ಬೇಕು ಎಂದುಕೊಂಡು.

"ರೀ ಮೇಷ್ಟ್ರೇ, ನಿಮ್ಮ ಶಿಷ್ಯರು ಬಂದಿದ್ದಾರೆ," ಎಂದು ಸ್ಟುಡಿಯೋದ ಯಜಮಾನರು ಕೌಂಟರಿನಿಂದ ಕೂಗಿದರು. ಡ್ರೈವಿಂಗ್ ಸ್ಕೂಲಿನವರು ಸುರುಳಿ ಸುತ್ತಿದ ಬ್ಯಾನರನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅದನ್ನು ಕೌಂಟರಿನ ಉದ್ದಕ್ಕೂ ಬಿಚ್ಚಿದರು. ಕೆಂಪು ಬಣ್ಣದ ಮೇಲೆ ಅವರ ಗುರುತಾದ ಸ್ಟೀರಿಂಗ್ ಚಕ್ರ, ಚಕ್ರದ ಸುತ್ತ ಒಂದು ಬಿಳಿಯ ಚೌಕ.

"ನೋಡಿ ಸಾರ್, ಬ್ಯಾಂಡೇಜು ಕಟ್ಟಿದ ಹಾಗಿದೆ. ಆಕ್ಸಿಡೆಂಟ್ ಆಗಿರೋ ಸ್ಕೂಲು ಅಂತ ಜನ ತಿಳ್ಕೊಳಲ್ವಾ?"

ಅವನ ಬಾಯಿ ತಾನಾಗಿ ಶುರುವಾಯಿತು. ಹಿನ್ನೆಲೆ ಪಾರದರ್ಶಕವಾಗಿ ಇರಬೇಕಾದರೆ ಪಿಎನ್‌ಜಿಯಲ್ಲಿ ಉಳಿಸಬೇಕು, ಜೆಪೆಗ್‌ಗೆ ಖಾಲಿ ಅನ್ನುವುದು ಗೊತ್ತಿಲ್ಲ, ಖಾಲಿ ಜಾಗವನ್ನು ಅದು ಬಿಳಿ ಬಣ್ಣ ತುಂಬಿ ಮುಚ್ಚುತ್ತದೆ, ಯಾರೋ ಗೊತ್ತಿಲ್ಲದವರು ಉಳಿಸಿದ್ದಾರೆ—

"ಪೆನ್ ಡ್ರೈವಿಗೆ ಹಾಕ್ಕೊಟ್ಟಿದ್ದು ನೀವೇ ಅಲ್ವಾ ಸಾರ್?" ಎಂದರು ಅವರು, ಜಗಳದ ದನಿಯಲ್ಲಲ್ಲ, ತಪ್ಪಿದ್ದರೆ ಕ್ಷಮಿಸಿ ಎನ್ನುವ ದನಿಯಲ್ಲಿ.

ಯಜಮಾನರು ಚೀಟಿಯ ಕಡೆ ನೋಡಿ, ಅವನ ಕಡೆ ನೋಡಿ, ಕೆಮ್ಮಿದರು. ಅವನು ಕಿವಿಯ ತುದಿ ಬಿಸಿಯಾಗುವುದನ್ನು ಗಮನಿಸುತ್ತ ಹೊಸದಾಗಿ ಉಳಿಸಿಕೊಟ್ಟ. ಅವರು ಥ್ಯಾಂಕ್ಸ್ ಹೇಳಿದ್ದು ಇನ್ನೂ ಕಷ್ಟವಾಯಿತು.

ಖಾಲಿಯನ್ನು ಬಿಳಿ ಬಣ್ಣ ತುಂಬಿ ಮುಚ್ಚುತ್ತದೆ. ಅವನು ಕುರ್ಚಿಗೆ ಮರಳಿ ಅಮ್ಮನನ್ನು ಹಿಗ್ಗಿಸಿದ. ಅಂದು ಮಾಡಿದ ಕೆಲಸ ಈಗ ಅವನ ಕಣ್ಣಿಗೆ ಹಸಿಹಸಿಯಾಗಿ ಕಂಡಿತು. ಬಲಗೆನ್ನೆಯ ಒಂದು ಚಿಕ್ಕ ಮೊಡವೆಗುರುತು ಎಡಗೆನ್ನೆಯಲ್ಲೂ ಅದೇ ಎತ್ತರದಲ್ಲಿ ಕೂತಿತ್ತು. ಬೆಳಕು ಎಡದಿಂದ ಬರುತ್ತಿದ್ದರೂ ಆ ಕೆನ್ನೆಯ ಅಂಚಿನಲ್ಲಿ ಬಲಗಡೆಯ ನೆರಳು. ಪ್ರಿಂಟು ತೆಗೆಸಿ ಚೌಕಟ್ಟು ಹಾಕಿಸಿ ಅಮ್ಮನ ಕೈಗೆ ಕೊಟ್ಟಾಗ ಅವಳು ಅದನ್ನು ಕಿಟಕಿಯ ಹತ್ತಿರ ಹಿಡಿದು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದ್ದಳು. ಉತ್ತರಪತ್ರಿಕೆ ನೋಡುವಾಗ ಹಾಗೆ ನೋಡುತ್ತಿದ್ದಳು, ತಪ್ಪು ಕಂಡ ಮೇಲೂ ಹುಡುಗ ಎಲ್ಲಾದರೂ ಸರಿ ಬರೆದಿದ್ದಾನೇನೋ ಎಂದು. ಆಮೇಲೆ ನಕ್ಕು, "ಫೋಟೋ ಚೆನ್ನಾಗಿ ಬಂದಿದೆ ಕಣೋ. ನಾನೇ ಸರಿಯಾಗಿ ಬಂದಿಲ್ಲ," ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಆ ತಮಾಷೆ ಎಷ್ಟು ಚೆನ್ನಾಗಿತ್ತೆಂದರೆ ಅದಕ್ಕೆ ನಗುವುದು ಬಿಟ್ಟು ಬೇರೆ ಏನೂ ಮಾಡಬೇಕಾಗಿರಲಿಲ್ಲ. ಎರಡು ವರ್ಷಕ್ಕೆ ಅವಳು ಸತ್ತಳು, ಆ ಫೋಟೋವೇ ಗೋಡೆಗೆ ಬಂತು. ಅಕ್ಕನ ಮನೆಗೊಂದು, ಚಿಕ್ಕಪ್ಪನ ಮನೆಗೊಂದು ಎಂದು ಪ್ರತಿ ಕೇಳಿದಾಗಲೆಲ್ಲ ಅವನು ಫೈಲು ತೆರೆದು, ಬಣ್ಣ ಒಂದಿಷ್ಟು ತಿದ್ದಿ, ಮತ್ತೆ ಉಳಿಸಿದ್ದ. ಪ್ರತಿಸಲವೂ ಅದು ಕಣ್ಣಿಗೆ ಗೊತ್ತಾಗದ್ದನ್ನು ಬಿಸಾಡಿತ್ತು. ಯಾರ ಕಣ್ಣಿಗೆ?

ಎರಡು ಗಂಟೆಗೆ ಯಜಮಾನರು ಊಟಕ್ಕೆ ಹೋದರು. ಅವನು ಡಬ್ಬಿ ತೆರೆಯಲಿಲ್ಲ. 'ಅಮ್ಮ'ನ ಒಂದು ಪ್ರತಿ ಮಾಡಿ, ಹೌದು, ಈ ಸಲ ಪ್ರತಿ ಮಾಡಿ, ಮೇಲೊಂದು ಹೊಸ ಪದರ ಹಾಕಿ ಬ್ರಶ್ಶು ಎತ್ತಿಕೊಂಡ. ಮೋಸವೇನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಮಚ್ಚೆ ಇದ್ದದ್ದು ನಿಜ. ಇದ್ದದ್ದನ್ನು ಇದ್ದ ಜಾಗಕ್ಕೆ ಮರಳಿಸುವುದು ಹೇಗೆ ಸುಳ್ಳಾಗುತ್ತದೆ? ಹುಡುಗಿಗೆ ಬೇಕಾದದ್ದು ಅಜ್ಜಿಯ ಕೆನ್ನೆ, ಕೊಡೋಣ. ಬಿಳುಪಿಗೆ ಬರಿಯ ಬಿಳಿ ಹಾಕಬಾರದು, ನಸುಗೆಂಪು ಬೆರೆಸಬೇಕು. ಅಂಚು ಒಂದೇ ಸಮ ಇರಬಾರದು, ಕೆಲವು ಕಡೆ ಚೂಪು, ಕೆಲವು ಕಡೆ ಕರಗಿದ ಹಾಗೆ. ಚರ್ಮದ ಗೆರೆಗಳು ಬಿಳುಪಿನೊಳಗೂ ಮುಂದುವರಿಯಬೇಕು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಆಕಾರ. ಕಣ್ಣು ಮುಚ್ಚಿದ. ಅಮ್ಮ ಕಂಡಳು, ಅವಳ ಸೀಮೆಸುಣ್ಣದ ಬೆರಳು ಕಂಡಿತು, ಲೋಟ ಕಂಡಿತು, ಕೆನ್ನೆ ಇರಬೇಕಾದಲ್ಲಿ ಗೋಡೆಯ ಮೇಲಿನ ಫೋಟೋದ ಕೆನ್ನೆ ಕಂಡಿತು. ಇಪ್ಪತ್ತೈದು ವರ್ಷ ದಿನಾ ಎದುರಿಗಿದ್ದದ್ದನ್ನು ನಾಲ್ಕು ಗಂಟೆಯ ಕೆಲಸ ತಲೆಯೊಳಗಿಂದಲೂ ತೆಗೆದುಹಾಕಿತ್ತು. ಯೋಚಿಸಬೇಡ, ಕೈಗೆ ಬಿಡು ಎಂದುಕೊಂಡ. ಕೈಗೆ ನೆನಪಿರುತ್ತದೆ, ಎಷ್ಟಾದರೂ ತೆಗೆದದ್ದು ಅದೇ ಕೈ. ಬಿಟ್ಟ. ಕೈ ಒಂದು ಚೂರೂ ತಡವರಿಸದೆ ತುಟಿಯ ಅಂಚಿನಿಂದ ಹೊರಟು, ದವಡೆಯ ಗುಂಟ ಇಳಿದು, ಒಳಕ್ಕೊಂದು ಕೊಲ್ಲಿಯಂತೆ ಬಾಗಿ, ನಡುವೆ ಎಳ್ಳುಕಾಳಿನಷ್ಟು ಕಂದು ಚುಕ್ಕಿಯೊಂದನ್ನು ಹಾಗೇ ಬಿಟ್ಟು, ಮೇಲೆ ಬಂದು ಸೇರಿತು. ಅಷ್ಟು ಖಚಿತವಾಗಿತ್ತು. ನೂರು ಪರ್ಸೆಂಟಿಗೆ ಇಳಿಸಿ ನೋಡಿದ. ಅಮ್ಮ ಬಂದಿದ್ದಳು.

ಗುಬ್ಬಿ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ಮೂಗಿನಿಂದ ಕೆಳಗೆ ಸ್ಕಾರ್ಫು ಸುತ್ತಿದ್ದಳು. ಊಟ ಮುಗಿಸಿ ಬಂದಿದ್ದ ಯಜಮಾನರು "ಬಾಮ್ಮ, ಹೊರಗೆ ಧೂಳು ಜಾಸ್ತಿ ಅಲ್ವಾ?" ಎಂದರು. ಅವಳು "ಹೂಂ" ಎಂದು ಒಳಗೆ ಬಂದು ಅವನ ಪಕ್ಕದ ಸ್ಟೂಲಿನಲ್ಲಿ ಕೂತಳು.

"ಅಮ್ಮ ಕಳಿಸಿದ್ಲು ಅಂತ ಬಂದೆ, ಅಷ್ಟೆ. ನೋಡಿ ಹೋಗ್ತೀನಿ."

"ನೋಡು," ಎಂದು ಅವನು ಮಾನಿಟರನ್ನು ಅವಳ ಕಡೆಗೆ ತಿರುಗಿಸಿದ.

ಅವಳು ನೋಡಿದಳು. ಮೊದಲು ಅವಳ ಭುಜ ಸ್ವಲ್ಪ ಇಳಿಯಿತು. ಸ್ಕಾರ್ಫಿನ ಮೇಲಿನ ಕಣ್ಣುಗಳು ದೊಡ್ಡದಾದವು. ಅವನಿಗೆ ಆ ಒಂದು ಕ್ಷಣ, ಮಾಡಿದ್ದು ಸರಿ ಎನ್ನಿಸಿತು. ಆಮೇಲೆ ಅವಳು ಮುಂದಕ್ಕೆ ಬಾಗಿದಳು. ಬೆರಳು ಎತ್ತಿ, ಗಾಜನ್ನು ಮುಟ್ಟದೆ, ಅಂಚಿನ ಉದ್ದಕ್ಕೂ ಒಯ್ದಳು. ತುಟಿ, ದವಡೆ, ಕೊಲ್ಲಿ. ಕಂದು ಚುಕ್ಕಿಯ ಹತ್ತಿರ ಬೆರಳು ನಿಂತಿತು.

"ಮಾಮ," ಎಂದಳು. "ಇದು ನಂದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಸ್ಕಾರ್ಫನ್ನು ಕೆಳಗೆಳೆದು ಮುಖವನ್ನು ಮಾನಿಟರಿನ ಪಕ್ಕಕ್ಕೆ ತಂದಳು. ತುಟಿಯ ಅಂಚು, ದವಡೆಯ ಗುಂಟ ಇಳಿಜಾರು, ಒಳಬಾಗಿದ ಕೊಲ್ಲಿ, ನಡುವೆ ಎಳ್ಳುಕಾಳಿನಷ್ಟು ಚುಕ್ಕಿ. ಪಕ್ಕದಲ್ಲಿ ಅಮ್ಮ, ಅದೇ ತುಟಿ, ಅದೇ ಇಳಿಜಾರು.

"ದಿನಾ ಕನ್ನಡೀಲಿ ನೋಡ್ತೀನಿ, ನಂಗೆ ಗೊತ್ತಾಗಲ್ವಾ? ಈ ಚುಕ್ಕಿಗೆ ನಾನು ಹೆಸರೂ ಇಟ್ಟಿದ್ದೀನಿ. ಇದನ್ನ ನೀನು ಬರೆದಿದ್ದೀಯ."

ಕೈಗೆ ನೆನಪಿತ್ತು. ಕೈ ತೆಗೆದದ್ದನ್ನೇ ನೆನಪಿಟ್ಟುಕೊಂಡಿತ್ತು, ಆದರೆ ಹದಿಮೂರು ವರ್ಷದ ಹಿಂದಿನದನ್ನಲ್ಲ. ಭಾನುವಾರ ಮಧ್ಯಾಹ್ನ ಭಾವನ ಹುಟ್ಟುಹಬ್ಬದ ಗುಂಪುಫೋಟೋ ಎಲ್ಲರಿಗೂ ಕಳಿಸುವ ಮುಂಚೆ ಅವನು ಭಾವನ ಅಂಗಿಯ ಮೇಲಿನ ಕೇಕಿನ ಚೂರು ತೆಗೆದಿದ್ದ, ಅಕ್ಕನ ಹಿಂದಿದ್ದ ಸ್ವಿಚ್ಚಿನ ಮೇಲಿನ ಕೊಳೆ ತೆಗೆದಿದ್ದ, ಗುಬ್ಬಿಯ ಕೆನ್ನೆಯನ್ನೂ ತೆಗೆದಿದ್ದ. ಯೋಚಿಸಿ ಮಾಡಿದ್ದಲ್ಲ. ಅದೇ ಸಾಲಿನಲ್ಲಿ, ಕೇಕು, ಕೊಳೆ, ಕೆನ್ನೆ, ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಅಕ್ಕ 'ಸೋಮವಾರ' ಎಂದಾಗ ಒಳಗೆಲ್ಲೋ ಏನೋ ಚುಚ್ಚಿದ್ದು ಇದೇ. ಅದನ್ನು ಹಿಗ್ಗಿಸಿ ನೋಡಲು ಅವನು ಹೋಗಿರಲಿಲ್ಲ.

"ಅಜ್ಜೀದು ಇಲ್ಲ," ಎಂದ. "ನಾನೇ ಅಳಿಸಿದೆ. ಅದರ ಮೇಲೇ ಉಳಿಸಿಬಿಟ್ಟೆ. ಇದ್ದದ್ದು ಒಂದೇ."

"ಅಜ್ಜಿ ತೆಗಿ ಅಂದಿದ್ರಾ?"

"ಇಲ್ಲ."

"ಮತ್ತೆ?"

ಕೌಂಟರಿನಲ್ಲಿ ಯಜಮಾನರು ಏನೋ ಎಣಿಸುವುದನ್ನು ನಿಲ್ಲಿಸಿದ್ದರು. ಪುಸ್ತಿಕೆಯಲ್ಲಿ ಚೆನ್ನಾಗಿ ಕಾಣಲಿ ಅಂತ, ಎಂದು ಹೇಳಬಹುದಿತ್ತು. "ಶಾಲೆಯವರೆಲ್ಲ ನೋಡ್ತಾರಲ್ಲ ಅಂತ ನಂಗೆ ನಾಚಿಕೆಯಾಯ್ತು," ಎಂದ. "ಅವಳಿಗಲ್ಲ. ನಂಗೆ."

ಅವಳು ಅತ್ತರೆ ಏನು ಮಾಡುವುದು ಎಂದು ಅವನು ಯೋಚಿಸುತ್ತಿದ್ದ. ಅಳಲಿಲ್ಲ.

"ನೀನು ಕಳಿಸಿದ್ರಲ್ಲಿ ಯಾರೋ ನಗ್ತಿದ್ಲು ಮಾಮ. ನನ್ನ ಡ್ರೆಸ್ ಹಾಕ್ಕೊಂಡು. ಎಲ್ಲರೂ 'ಎಷ್ಟು ಮುದ್ದಾಗಿದ್ದಾಳೆ' ಅಂತ ಕಳಿಸಿದ್ರು. ಚಿಕ್ಕಜ್ಜಿ ಅಂತೂ 'ಹೋಗೇಬಿಟ್ಟಿದೆಯಲ್ಲ, ಯಾವ ಡಾಕ್ಟರು?' ಅಂತ ಕೇಳಿದ್ರು." ಅವಳ ದನಿ ಅಲ್ಲಿ ಮಾತ್ರ ಅಲುಗಿತು. "ನಂದೂ ಹೋಯ್ತಾ? ಅದರ ಮೇಲೂ ಉಳಿಸಿದ್ಯಾ?"

"ಇಲ್ಲ. ನಿಂದಿದೆ."

ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಬೆಳಿಗ್ಗೆಯೂ ಹೀಗೇ 'ಇದೆ' ಎಂದಿದ್ದ. ಬ್ಯಾಗಿನಿಂದ ಕ್ಯಾಮೆರಾ ತೆಗೆದ. ಕಾರ್ಡು ಅದರಲ್ಲೇ ಇತ್ತು, ಖಾಲಿಮಾಡಿರಲಿಲ್ಲ. ಅದನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ. ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ ಇಟ್ಟುಕೊಂಡಿದ್ದ ಆ ಫೈಲು ನಿಧಾನವಾಗಿ ಮೇಲಿನಿಂದ ಕೆಳಗೆ ತೆರೆದುಕೊಂಡಿತು. ಅರ್ಧ ಕಣ್ಣು ಮುಚ್ಚಿದ ಭಾವ, ಅಂಗಿಯ ಮೇಲೆ ಕೇಕು, ಕೊಳೆಯಾದ ಸ್ವಿಚ್ಚು, ಯಾರ ಕಡೆಗೋ ಕೈ ಬೀಸುತ್ತಿರುವ ಅಕ್ಕ. ನಡುವೆ ಗುಬ್ಬಿ, ಬಾಯಿ ಪೂರ್ತಿ ತೆರೆದು ನಗುತ್ತ. ನಗುವಿಗೆ ಮಚ್ಚೆಯೂ ಎಳೆದುಕೊಂಡಿತ್ತು, ಕೊಲ್ಲಿ ಅಗಲವಾಗಿತ್ತು, ಚುಕ್ಕಿ ಮೇಲಕ್ಕೆ ಜಾರಿತ್ತು. ಭಾನುವಾರ ಅವನು ಇದನ್ನೇ ಹತ್ತು ನಿಮಿಷ ನೋಡಿದ್ದ. ಈಗ ಮೊದಲ ಸಲ ನೋಡಿದ.

"ಅಪ್ಪ ನಿದ್ದೆ ಮಾಡ್ತಿದ್ದಾರೆ," ಎಂದಳು ಗುಬ್ಬಿ. ಆಮೇಲೆ, "ಇದನ್ನ ಉಳಿಸು. ಏನೂ ಹೋಗದೆ ಇರೋ ಥರ."

'ಹೀಗೆ ಉಳಿಸು' ಎಂಬ ಕಿಟಕಿ ತೆರೆದುಕೊಂಡಿತು, ಅದರೊಳಗೆ ಹದಿನೆಂಟು ಬಗೆಯ ಪಟ್ಟಿ. "ಯಾವುದು ಇದ್ರಲ್ಲಿ?" ಎಂದು ಅವಳು ಕೇಳಿದಾಗ ಯಜಮಾನರು ಆ ಕಡೆಯಿಂದ ಪಾಠಕ್ಕೆ ಕಾಯುತ್ತಿರುವುದು ಅವನಿಗೆ ಗೊತ್ತಾಯಿತು. "ಇದು," ಎಂದಷ್ಟೇ ಹೇಳಿ ಟಿಫ್ ತೋರಿಸಿದ. ಅವಳೇ ಒತ್ತಿದಳು. ಹಸಿರು ಪಟ್ಟಿ ಬೇಸರ ಬರುವಷ್ಟು ನಿಧಾನವಾಗಿ ತುಂಬಿತು. "ಅಬ್ಬಾ, ಎಷ್ಟು ದೊಡ್ಡದು," ಎಂದಳು. "ಫೋನಲ್ಲಿ ಹೋಗುತ್ತಾ?" "ಹೋಗಲ್ಲ. ಕಳಿಸೋಕೆ ಒಂದು ಜೆಪೆಗ್ ಮಾಡ್ಕೊಡ್ತೀನಿ, ಏನೂ ತಿದ್ದದೆ. ಇದು ಇಟ್ಕೊಳೋಕೆ." ಹಿಂದೆ ಅಮ್ಮನ ಫೈಲು ಇನ್ನೂ ತೆರೆದೇ ಇತ್ತು. ಅವನು ಅದನ್ನು ಮುಚ್ಚಹೊರಟಾಗ ಕಂಪ್ಯೂಟರು, ಬದಲಾವಣೆಗಳನ್ನು ಉಳಿಸಲೇ ಎಂದು ಕೇಳಿತು. ಹದಿಮೂರು ವರ್ಷದ ಹಿಂದೆ ಕೇಳಿದ್ದಂತೆಯೇ, ಅಷ್ಟೇ ವಿನಯದಿಂದ. ಅವನು ಬೇಡ ಎಂದ. ಗುಬ್ಬಿಯ ಮಚ್ಚೆ ಅಜ್ಜಿಯ ಮುಖದಿಂದ ಹೋಯಿತು.

ಫೋನು ಮತ್ತೆ ಮೇಜಿನ ಮೇಲೆ ತೆವಳಿತು. "ಸಿಕ್ತೇನೋ? ನೋಡಿದ್ಲಾ?" ಎಂದಳು ಅಕ್ಕ.

"ಇಲ್ಲ ಅಕ್ಕ. ಅದು ಇಲ್ಲವೇ ಇಲ್ಲ. ಬೆಳಿಗ್ಗೆ ಇದೆ ಅಂದಿದ್ದು ಸುಳ್ಳು."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು, ಅದು ನಿಂತ ಸದ್ದು. "ಹೂಂ," ಎಂದಳು ಅಕ್ಕ ಕೊನೆಗೆ. "ಆವತ್ತು ಅಮ್ಮ ಫೋಟೋ ಒಳಗಿಟ್ಟು ಬಂದು ನನ್ನ ಹತ್ರ ಏನಂದ್ಲು ಗೊತ್ತಾ? 'ಇದು ನಾನಲ್ಲ ಕಣೇ. ಅವನಿಗೆ ಹೇಳಬೇಡ, ಕಷ್ಟಪಟ್ಟು ಮಾಡಿದ್ದಾನೆ' ಅಂತ. ನಾನು ಹೇಳಿಲ್ಲ ನೋಡು, ಇವತ್ತಿನವರೆಗೆ." ಗುಬ್ಬಿ ಅವನ ಕೈಯಿಂದ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಅಮ್ಮ, ಅಜ್ಜೀದು ಹೇಗಿತ್ತು? ನಿಜ ಹೇಳು. ಎಲ್ಲಿಂದ ಎಲ್ಲೀತನಕ?"

"ಹೇಗಿತ್ತು ಅಂದ್ರೆ? ಕಿವಿ ಕೆಳಗಿಂದ ಶುರು. ಕೆನ್ನೆ ಮೇಲೆ ಅಗಲ, ಬಾಯಿ ಹತ್ರ ಬರೋವಾಗ ಮೀನಿನ ಬಾಲದ ಹಾಗೆ ಎರಡು ಸೀಳು. ತುಟಿ ಮುಟ್ತಿರಲಿಲ್ಲ." ಅಕ್ಕ ಒಂದು ಚೂರೂ ನಿಲ್ಲಿಸದೆ ಹೇಳುತ್ತಿದ್ದಳು, ತರಕಾರಿಯ ಪಟ್ಟಿ ಹೇಳುವಂತೆ. "ಬಿಸಿಲಿಗೆ ಹೋಗಿ ಬಂದ್ರೆ ಕೆಂಪಗಾಗೋದು. ಸಿಟ್ಟು ಬಂದ್ರೂ ಅಷ್ಟೆ, ಮೊದಲು ಅಲ್ಲೇ ಗೊತ್ತಾಗೋದು. ಶಾಲೇಲಿ ಹುಡುಗರು ಅದನ್ನ ನೋಡೇ ಹೋಂವರ್ಕ್ ಮಾಡಿಲ್ಲ ಅಂತ ಹೇಳೋದೋ ಬೇಡವೋ ಅಂತ ತೀರ್ಮಾನ ಮಾಡ್ತಿದ್ರಂತೆ. 'ಟೀಚರ್ ಸಿಗ್ನಲ್ ಕೆಂಪಾಗಿದೆ ಕಣ್ರೋ' ಅಂತ."

ಗುಬ್ಬಿ ಫಕ್ಕನೆ ನಕ್ಕಳು. "ನಂಗೂ ಆಗುತ್ತಮ್ಮಾ ಹಾಗೆ! ಸಿಟ್ಟು ಬಂದ್ರೆ!"

"ಗೊತ್ತು ಕಣೇ. ನಾಲ್ಕು ದಿನದಿಂದ ಅದನ್ನೇ ನೋಡ್ತಿದ್ದೀನಲ್ಲ."

ಅಕ್ಕ ಫೋನಿಟ್ಟ ಮೇಲೂ ಹುಡುಗಿ ಸ್ವಲ್ಪ ಹೊತ್ತು ಕೂತೇ ಇದ್ದಳು. ಕೈ ಕೆನ್ನೆಯ ಮೇಲಿತ್ತು, ಮುಚ್ಚಿಕೊಳ್ಳಲು ಅಲ್ಲ, ಬಿಸಿ ಇದೆಯೇ ಎಂದು ನೋಡಿಕೊಳ್ಳುವಂತೆ. ಅಮ್ಮನ ಮಚ್ಚೆ ಕೆಂಪಾಗುತ್ತಿತ್ತು ಎನ್ನುವುದು ಅವನಿಗೆ ಈಗ ನೆನಪಾಯಿತು. ಅಕ್ಕ ಹೇಳಿದ್ದರಿಂದ ನೆನಪಾಯಿತೋ, ನಿಜಕ್ಕೂ ನೆನಪಾಯಿತೋ ತಿಳಿಯಲಿಲ್ಲ. ಕೆಂಪಾಗುವುದನ್ನು ಆ ಫೋಟೋ, ಅವನು ಮುಟ್ಟದೆ ಬಿಟ್ಟಿದ್ದರೂ, ಇಟ್ಟುಕೊಂಡಿರುತ್ತಿರಲಿಲ್ಲ.

"ಬರೆದಿಡು ಮಾಮ," ಎಂದಳು ಗುಬ್ಬಿ. "ಮರೀತೀಯ ನೀನು."

ಅವನು ಒಂದು ಖಾಲಿ ಬರಹದ ಫೈಲು ತೆರೆದ. ಅಕ್ಷರ ಬಿಟ್ಟು ಬೇರೇನೂ ಹಿಡಿಸದ, ಯಾರೂ ಬಳಸದ, ಅತಿ ಸಾದಾ ಬಗೆ. ಕಿವಿ ಕೆಳಗಿಂದ ಶುರು ಎಂದು ಬೆರಳಚ್ಚಿಸಿದ. ಮೀನಿನ ಬಾಲ, ಎರಡು ಸೀಳು, ತುಟಿ ಮುಟ್ಟುವುದಿಲ್ಲ. ಅವಳು ಭುಜದ ಮೇಲಿಂದ ಓದುತ್ತ "ಸಿಗ್ನಲ್ ಬಿಟ್ಟುಹೋಯ್ತು" ಎಂದಳು, ಸೇರಿಸಿದ. "ಫೋಟೋದಲ್ಲಿ ಯಾಕಿಲ್ಲ ಅಂತನೂ ಬರಿ." ಅವನ ಕೈ ಕೀಲಿಮಣೆಯ ಮೇಲೆ ನಿಂತಿತು. ಇದಕ್ಕೆ ಪಕ್ಕದಿಂದ ಎತ್ತಿ ಹಾಕಲು ಒಳ್ಳೆಯ ಚೌಕಗಳಿರಲಿಲ್ಲ. 'ಅದನ್ನು ಅಳಿಸಿದ್ದು ಅವಳ ಮಗ' ಎಂದು ಬರೆದ. ಓದಿ ನೋಡಿ, 'ಅವಳ ಮಗ' ತೆಗೆದು 'ನಾನು' ಎಂದು ಹಾಕಿದ. ಅಮ್ಮನ ನಾಲ್ಕು ಫೋಟೋಗಳ ಪಕ್ಕದಲ್ಲೇ ಅದನ್ನು ಉಳಿಸಿದ. ಎರಡು ಕೆಬಿ ಎಂದು ತೋರಿಸಿತು.

ಗುಬ್ಬಿ ಎದ್ದು ಸ್ಕಾರ್ಫು ಎತ್ತಿಕೊಂಡಳು. ಅದನ್ನು ಸುತ್ತಿಕೊಳ್ಳುತ್ತಾಳೋ ಬ್ಯಾಗಿಗೆ ತುರುಕುತ್ತಾಳೋ ಎಂದು ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. "ನೋಡಬೇಡ ಮಾಮ, ನಿನ್ನ ಕೆಲಸ ಮಾಡು," ಎಂದಳು. ಅವನು ಮಾನಿಟರಿನ ಕಡೆ ತಿರುಗಿದ. ಗಾಜಿನ ಬಾಗಿಲು ತೆರೆದ ಸದ್ದು, ರಸ್ತೆಯ ಸದ್ದು ಒಳಬಂದು ಮತ್ತೆ ಹೊರಗೆ ಉಳಿದ ಸದ್ದು ಕೇಳಿತು. ಮುಂದಿನ ಗಿರಾಕಿಯ ಫೈಲು ತೆರೆದ. ಯಾವುದೋ ಹೆಂಗಸು, ಐವತ್ತು ದಾಟಿದವಳು, ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು. ಹಿಗ್ಗಿಸಲು ಮೌಸು ಹಿಡಿದವನು ಹಿಗ್ಗಿಸದೆ, ಕೌಂಟರಿಗೆ ಕೇಳುವಂತೆ ಕೂಗಿದ, "ಯಜಮಾನ್ರೇ, ಈಯಮ್ಮ ಫೋಟೋದಲ್ಲಿ ಏನು ತೆಗೀಬೇಕು ಅಂತ ಹೇಳಿದ್ರು?"

"ಏನ್ರೀ ಹೊಸದಾಗಿ ಕೇಳ್ತೀರಿ," ಎಂದರು ಯಜಮಾನರು ಚೀಟಿ ಹುಡುಕುತ್ತ. "ಏನೂ ಹೇಳಿಲ್ಲ. ನಾಲ್ಕು ಪ್ರಿಂಟು ಕೊಡಿ ಅಂದ್ರು, ಅಷ್ಟೆ."